ಗೋಲ್ಡ್ ರಶ್ ಕಾಲದ ಅಸ್ಸೇ ರಸೀದಿ, ಹಳೇ ಬ್ಯಾಂಕ್ ಕಾಗದ: ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಸಂಗ್ರಹ ನೋಡಲು ಮನೆಗೆ ಬಂದವರು, ಫೋನ್ ಮಾಡಿದವರು, ಪತ್ರ ಬರೆದವರು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಹೊಸಬರು ಮೊದಲಿಂದ ಓದಿ. ಆಗಲೇ ಒಂದೆರಡು ಕಾಗದ ಕೊಂಡಿರುವವರು ಅಸಲಿ-ನಕಲಿ ಭಾಗಕ್ಕೆ ನೇರ ಹೋಗಬಹುದು.

## ಶುರು ಮಾಡುವವರಿಗೆ

ಅಸ್ಸೇ ರಸೀದಿ ಅಂದ್ರೆ ಏನು? ಚಿನ್ನ ಕೊಂಡ ಬಿಲ್ಲಾ?

ಅಲ್ಲ. ಚಿನ್ನವನ್ನು ಪರೀಕ್ಷೆಗೆ ಒಪ್ಪಿಸಿದವನಿಗೆ ಸಿಗುತ್ತಿದ್ದ ಚೀಟಿ ಅದು.

1848ರ ಜನವರಿ 24ರಂದು ಕ್ಯಾಲಿಫೋರ್ನಿಯಾದ ಕೊಲೋಮಾದಲ್ಲಿ, ಜಾನ್ ಸಟರ್‌ನ ಮರದ ಮಿಲ್ಲಿನ ಕಾಲುವೆಯಲ್ಲಿ ಜೇಮ್ಸ್ ಮಾರ್ಷಲ್‌ಗೆ ಚಿನ್ನದ ಚೂರು ಕಂಡಿತು. ಮರುವರ್ಷ ದೇಶ ದೇಶಗಳಿಂದ ಜನ ನುಗ್ಗಿದರು. ಇದೇ ಗೋಲ್ಡ್ ರಶ್. ಹೊಳೆಯ ಮರಳು ತೊಳೆದು ತೆಗೆದ ಆ ಚಿನ್ನ ಬಹುಪಾಲು ಪುಡಿ. ಅದರಲ್ಲಿ ಬೆಳ್ಳಿ ಬೆರೆತಿರುತ್ತಿತ್ತು, ಕಪ್ಪು ಮರಳೂ ಸೇರಿರುತ್ತಿತ್ತು. ಕಣ್ಣಲ್ಲಿ ನೋಡಿ ಬೆಲೆ ಹೇಳುವ ಹಾಗಿರಲಿಲ್ಲ.

ಅದಕ್ಕೇ ಪರೀಕ್ಷಕ ಬೇಕಾಯಿತು. ಅವನು ಪುಡಿಯನ್ನು ತೂಗಿ, ಬಿಳಿಗಾರ ಹಾಕಿ, ಮೂಸೆಯಲ್ಲಿ ಕರಗಿಸಿ ಗಟ್ಟಿ ಎರೆಯುತ್ತಿದ್ದ. ಗಟ್ಟಿಯ ಮೂಲೆಯಿಂದ ಒಂದು ಚೂರು ಕತ್ತರಿಸಿ, ಅದಕ್ಕೆ ಬೆಳ್ಳಿ ಸೇರಿಸಿ, ಸೀಸದ ಹಾಳೆಯಲ್ಲಿ ಸುತ್ತಿ, ಮೂಳೆ ಬೂದಿಯಿಂದ ಮಾಡಿದ ಪುಟ್ಟ ಬಟ್ಟಲಲ್ಲಿಟ್ಟು ಕಾಯಿಸುತ್ತಿದ್ದ. ಸೀಸ ಉಳಿದ ಕೀಳು ಲೋಹಗಳನ್ನು ಎಳೆದುಕೊಂಡು ಬೂದಿಗೆ ಇಂಗಿ ಹೋಗುತ್ತಿತ್ತು. ಬಟ್ಟಲಲ್ಲಿ ಚಿನ್ನ-ಬೆಳ್ಳಿಯ ಒಂದು ಗುಂಡು ನಿಲ್ಲುತ್ತಿತ್ತು. ನೈಟ್ರಿಕ್ ಆಸಿಡ್‌ನಲ್ಲಿ ಬೆಳ್ಳಿ ಕರಗಿಸಿದ ಮೇಲೆ ಉಳಿದದ್ದು ಅಪ್ಪಟ ಚಿನ್ನ. ಅದನ್ನು ತೂಗಿದರೆ ಇಡೀ ಗಟ್ಟಿಯ ಟಚ್, ಅಂದರೆ ಅದರಲ್ಲಿ ಅಪ್ಪಟ ಚಿನ್ನದ ಪಾಲು ಎಷ್ಟು ಅನ್ನುವುದು, ಗೊತ್ತಾಗುತ್ತಿತ್ತು. ಇದೆಲ್ಲದರ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಕೊಟ್ಟರೆ ಅದೇ ಅಸ್ಸೇ ರಸೀದಿ.

ಚಿನ್ನ ಬಿಟ್ಟು ಬರೀ ಕಾಗದ ಯಾಕೆ ಕೂಡಿಡ್ತೀರಾ?

ಚಿನ್ನ ಕರಗಿ ಹೋಯಿತು, ನಾಣ್ಯವಾಯಿತು, ಮತ್ತೆ ಕರಗಿತು. ಅದನ್ನು ತೊಳೆದು ತೆಗೆದವನ ಹೆಸರು ಚಿನ್ನದ ಮೇಲೆ ಎಲ್ಲೂ ಇಲ್ಲ, ಕಾಗದದ ಮೇಲೆ ಇದೆ. ಎಷ್ಟು ತಂದ, ಯಾವ ದಿನ ತಂದ, ಕೈಗೆ ಎಷ್ಟು ಬಂತು ಅನ್ನುವುದೂ ಅಲ್ಲೇ ಇದೆ. ನನಗೆ ಬೇಕಾದದ್ದು ಆ ಲೆಕ್ಕ.

1849ರ ಕ್ಯಾಲಿಫೋರ್ನಿಯಾ ಬ್ಯಾಂಕ್ ನೋಟು ಸಿಗುತ್ತಾ?

ಬೇರೆ ಅಮೆರಿಕನ್ ರಾಜ್ಯಗಳ ಹಳೇ ನೋಟು ಸಿಕ್ಕ ಹಾಗೆ ಸಿಗುವುದಿಲ್ಲ. ಕಾರಣ ಸರಳ. 1849ರಲ್ಲಿ ಬರೆದ ಕ್ಯಾಲಿಫೋರ್ನಿಯಾ ಸಂವಿಧಾನವೇ ಹಣವಾಗಿ ಓಡಾಡುವ ಕಾಗದ ಹೊರಡಿಸುವುದನ್ನು ನಿಷೇಧಿಸಿತು. ಪೂರ್ವದ ರಾಜ್ಯಗಳಲ್ಲಿ ಮುಳುಗಿದ ಬ್ಯಾಂಕುಗಳ ನೋಟು ಕೈಯಲ್ಲಿ ಹಿಡಿದು ಕೂತಿದ್ದ ಜನ, ಇಲ್ಲಿ ಚಿನ್ನವೇ ಇರುವಾಗ ಕಾಗದ ಯಾಕೆ ಅಂದುಕೊಂಡರು.

ಹಾಗಾಗಿ ಅಲ್ಲಿನ ಸಾಹುಕಾರರ ಕಾಗದ ಬೇರೆ ತರಹ: ಠೇವಣಿ ಚೀಟಿ, ಚೆಕ್ಕು, ಡ್ರಾಫ್ಟು, ಬಿಲ್ ಆಫ್ ಎಕ್ಸ್‌ಚೇಂಜ್ ಅಂದರೆ ಬೇರೆ ಊರಿನಲ್ಲಿ ಹಣ ಕೊಡಿಸಲು ಬರೆಯುವ ಚೀಟಿ, ನಮ್ಮ ವ್ಯಾಪಾರಿಗಳ ಹುಂಡಿಯ ಹಾಗೆ. ನೋಟೇ ಬೇಕು ಅನ್ನುವವರು 1870ರ ಕಾನೂನಿನ ಮೇಲೆ ಬಂದ ನ್ಯಾಷನಲ್ ಗೋಲ್ಡ್ ಬ್ಯಾಂಕ್ ನೋಟುಗಳನ್ನು ನೋಡಬೇಕು. ಹಳದಿ ಛಾಯೆಯ ಕಾಗದ, ಹಿಂದೆ ಚಿನ್ನದ ನಾಣ್ಯಗಳ ಚಿತ್ರ. ಅವು ದುಬಾರಿ, ಆ ದಾರಿಯೇ ಬೇರೆ.

ಬಜೆಟ್ ಕಡಿಮೆ. ಯಾವುದರಿಂದ ಶುರು ಮಾಡ್ಲಿ?

1860 ಮತ್ತು 1870ರ ದಶಕದ ಚೆಕ್ಕುಗಳಿಂದ ಶುರು ಮಾಡಿ. ಕ್ಯಾಲಿಫೋರ್ನಿಯಾದ್ದೂ ಸಿಗುತ್ತವೆ, ನೆವಾಡಾದ ವರ್ಜೀನಿಯಾ ಸಿಟಿಯದ್ದೂ ಸಿಗುತ್ತವೆ. 1859ರಲ್ಲಿ ಅಲ್ಲಿ ಕಾಮ್‌ಸ್ಟಾಕ್ ಎಂಬ ದೊಡ್ಡ ಬೆಳ್ಳಿ-ಚಿನ್ನದ ಸಾಲು ಸಿಕ್ಕಿತ್ತು. ಅದರಿಂದ ಹುಟ್ಟಿದ ಕಾಗದ ರಾಶಿ ರಾಶಿ ಉಳಿದಿದೆ. ಗಣಿ ಕಂಪನಿಗಳ ಅಸ್ಸೇ ಚೀಟಿಗಳೂ ಅದರಲ್ಲಿ ಇವೆ.

ಸ್ಯಾನ್ ಫ್ರಾನ್ಸಿಸ್ಕೋದ 1849-51ರ ಕಾಗದಕ್ಕೆ ಆತುರ ಪಡಬೇಡಿ. ಆ ಊರು ಆ ಮೂರು ವರ್ಷಗಳಲ್ಲೇ ಮತ್ತೆ ಮತ್ತೆ ಸುಟ್ಟಿತು. 1851ರ ಮೇ ತಿಂಗಳ ಬೆಂಕಿ ಪೇಟೆಯ ಬಹುಭಾಗವನ್ನು ತಿಂದುಹಾಕಿತು. ಉಳಿದದ್ದರಲ್ಲೂ ಎಷ್ಟೋ 1906ರ ಭೂಕಂಪ ಮತ್ತು ಬೆಂಕಿಯಲ್ಲಿ ಹೋಯಿತು. ಒಂದು ವರ್ಷ ಕಡಿಮೆ ಬೆಲೆಯ ಕಾಗದಗಳನ್ನು ಕೈಯಲ್ಲಿ ಹಿಡಿದು, ಬೆಳಕಿಗೆ ಹಿಡಿದು ನೋಡಿ ಅಭ್ಯಾಸವಾಗಲಿ. ಬೆರಳಿಗೆ ಆ ಕಾಗದದ ಪರಿಚಯ ಆಗಬೇಕು. ಅದಕ್ಕೆ ಬದಲಿ ಇಲ್ಲ.

## ಕಾಗದ ಓದುವುದು

ರಸೀದಿಯಲ್ಲಿ ಬರೀ ಅಂಕಿ ಇದೆ. ಹೇಗೆ ಓದೋದು?

ಇದು ನನಗೆ ತುಂಬ ಇಷ್ಟವಾದ ಪ್ರಶ್ನೆ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಸಾಮಾನ್ಯವಾಗಿ ಈ ಅಂಕಣಗಳು ಇರುತ್ತವೆ: ಗಟ್ಟಿಯ ನಂಬರು, ಕರಗಿಸುವ ಮೊದಲಿನ ತೂಕ, ಕರಗಿಸಿದ ಮೇಲಿನ ತೂಕ, ಚಿನ್ನದ ಟಚ್, ಕೆಲವೊಮ್ಮೆ ಬೆಳ್ಳಿಯ ಟಚ್, ಬೆಲೆ, ಕೂಲಿ ಕಳೆದು ಕೊನೆಗೆ ಕೊಡುವ ಮೊತ್ತ. ತೂಕ ಟ್ರಾಯ್ ಔನ್ಸಿನಲ್ಲಿ. ಒಂದು ಟ್ರಾಯ್ ಔನ್ಸ್ ಅಂದರೆ 31.1 ಗ್ರಾಂ. ಟಚ್ ಸಾವಿರಕ್ಕೆ ಎಷ್ಟು ಅನ್ನುವ ಲೆಕ್ಕದಲ್ಲಿ. ನಾವು ಒಡವೆ ಅಂಗಡಿಯಲ್ಲಿ 916 ಅನ್ನುತ್ತೇವಲ್ವಾ, ಅದೇ ಲೆಕ್ಕ. ಅಪ್ಪಟ ಚಿನ್ನದ ಬೆಲೆ ಆಗ ಅಮೆರಿಕದಲ್ಲಿ ಕಾನೂನಿನಿಂದಲೇ ನಿಗದಿಯಾಗಿತ್ತು: ಔನ್ಸಿಗೆ 20.67 ಡಾಲರ್, ಇನ್ನೂ ಸರಿಯಾಗಿ 20.6718.

ಒಂದು ಉದಾಹರಣೆ ಹಾಕೋಣ. ಕರಗಿಸುವ ಮೊದಲು 52.40 ಔನ್ಸ್, ಆಮೇಲೆ 50.75. ಅಂದರೆ 1.65 ಔನ್ಸ್ ಮಣ್ಣು, ಮರಳು, ಕಸ ಹೋಯಿತು. ಟಚ್ 885. ಈಗ 50.75ನ್ನು 0.885ರಿಂದ ಗುಣಿಸಿ, ಅದನ್ನು 20.6718ರಿಂದ ಗುಣಿಸಿ. 928.45 ಡಾಲರ್ ಬರಬೇಕು. ಬೆಲೆಯ ಅಂಕಣದಲ್ಲಿ ಅದೇ ಇದ್ದರೆ ಕಾಗದ ತನ್ನ ಮಾತಿಗೆ ನಿಂತಿದೆ ಅಂತ ಅರ್ಥ. ಒಂದೆರಡು ಸೆಂಟ್ ಹೆಚ್ಚುಕಡಿಮೆ ಆದರೆ ತಲೆ ಕೆಡಿಸಿಕೊಳ್ಳಬೇಡಿ.

ಇದು ಬರೀ ಪುಸ್ತಕದ ಲೆಕ್ಕ ಅಲ್ಲ. 1857ರ ಸೆಪ್ಟೆಂಬರ್ 12ರಂದು ಬಿರುಗಾಳಿಗೆ ಸಿಕ್ಕಿ ಮುಳುಗಿದ ಸೆಂಟ್ರಲ್ ಅಮೆರಿಕಾ ಹಡಗಿನಿಂದ 130 ವರ್ಷಗಳಾದ ಮೇಲೆ ಚಿನ್ನದ ಗಟ್ಟಿಗಳನ್ನು ಎತ್ತಿದರು. ಅದರಲ್ಲಿ ಎಲ್ಲಕ್ಕಿಂತ ದೊಡ್ಡದು ಕೆಲಾಗ್ ಅಂಡ್ ಹಂಬರ್ಟ್ ಎಂಬ ಪರೀಕ್ಷಕರ ಗಟ್ಟಿ. ಅದರ ಮೇಲೆ ಒತ್ತಿರುವ ಅಂಕಿಗಳು: 933.94 ಔನ್ಸ್, 903 ಟಚ್, 17,433.57 ಡಾಲರ್. ನೀವೇ ಗುಣಿಸಿ ನೋಡಿ. ಸಮುದ್ರದ ತಳದಲ್ಲಿ ಅಷ್ಟು ಕಾಲ ಬಿದ್ದಿದ್ದ ಲೆಕ್ಕ ಇವತ್ತೂ ತಾಳೆ ಆಗುತ್ತದೆ. ನಾನು ಮೊದಲ ಸಲ ಇದನ್ನು ಕೈಯಾರೆ ಹಾಕಿ ನೋಡಿದಾಗ ಮೈ ಜುಮ್ಮೆಂದಿತ್ತು.

ಔನ್ಸಿಗೆ 16 ಡಾಲರ್ ಅಂತ ಓದಿದ್ದೆ. ನೀವು 20.67 ಅಂತೀರಾ. ಯಾವುದು ಸರಿ?

ಎರಡೂ ಸರಿ. 16 ಡಾಲರ್ ಅನ್ನುವುದು ಪರೀಕ್ಷೆ ಮಾಡಿಸದ ಪುಡಿಗೆ ಅಂಗಡಿಯವರು ಕೊಡುತ್ತಿದ್ದ ರೂಢಿಯ ಬೆಲೆ. ಮೇಲಿನ ಉದಾಹರಣೆಯ 52.40 ಔನ್ಸ್ ಪುಡಿಯನ್ನು ಸುಮ್ನೆ ಅಂಗಡಿಗೆ ಕೊಟ್ಟಿದ್ದರೆ 838.40 ಡಾಲರ್ ಸಿಗುತ್ತಿತ್ತು. ಪರೀಕ್ಷೆ ಮಾಡಿಸಿದ್ದಕ್ಕೆ ಕೂಲಿ ಕಳೆಯುವ ಮೊದಲು 90 ಡಾಲರ್ ಜಾಸ್ತಿ ಬಂತು. ಜನ ಪರೀಕ್ಷಕರ ಬಾಗಿಲಲ್ಲಿ ಯಾಕೆ ನಿಲ್ಲುತ್ತಿದ್ದರು ಅನ್ನುವುದು ಇಷ್ಟರಲ್ಲೇ ತಿಳಿಯುತ್ತದೆ.

ಒಂದೇ ಬಿಲ್ ಆಫ್ ಎಕ್ಸ್‌ಚೇಂಜ್, ಅದೇ ನಂಬರು, ಎರಡು ಕಾಗದ. ಒಂದು ನಕಲಿನಾ?

ಅಲ್ಲ, ಎರಡೂ ಅಸಲಿ ಇರಬಹುದು. ಕ್ಯಾಲಿಫೋರ್ನಿಯಾದಿಂದ ನ್ಯೂಯಾರ್ಕ್‌ಗೆ ಹಣ ಕಳಿಸುವವರು ಚಿನ್ನವನ್ನು ಊರಿನ ಸಾಹುಕಾರನಿಗೆ ಕೊಟ್ಟು ಬಿಲ್ ಬರೆಸಿಕೊಳ್ಳುತ್ತಿದ್ದರು. ಅದು ಹಡಗಿನಲ್ಲಿ ಪನಾಮಾಕ್ಕೆ ಹೋಗಿ, ಅಲ್ಲಿ ನೆಲದ ಮೇಲೆ ದಾಟಿ, ಇನ್ನೊಂದು ಹಡಗು ಹತ್ತಬೇಕಿತ್ತು. ಹಡಗು ಮುಳುಗಿದರೆ? ಅದಕ್ಕೇ ಒಂದೇ ಬಿಲ್ಲನ್ನು ಎರಡು, ಕೆಲವೊಮ್ಮೆ ಮೂರು ಪ್ರತಿ ಬರೆದು ಬೇರೆ ಬೇರೆ ಹಡಗಿನಲ್ಲಿ ಕಳಿಸುತ್ತಿದ್ದರು. ಮೊದಲನೆಯದರಲ್ಲಿ ‘ಎರಡನೆಯದಕ್ಕೆ ಹಣ ಕೊಟ್ಟಿರದಿದ್ದರೆ ಇದಕ್ಕೆ ಕೊಡಿ’ ಎಂಬ ಅರ್ಥದ ಮಾತು ಅಚ್ಚಾಗಿರುತ್ತದೆ. ಯಾವುದು ಮೊದಲು ತಲುಪುತ್ತದೋ ಅದಕ್ಕೆ ಹಣ, ಇನ್ನೊಂದು ರದ್ದು. ನಮ್ಮ ಹುಂಡಿ ವ್ಯಾಪಾರದಲ್ಲೂ ಕಳೆದುಹೋದ ಹುಂಡಿಗೆ ಪ್ರತಿ ಬರೆದುಕೊಡುವ ಪದ್ಧತಿ ಇತ್ತು. ಇವರು ಕಳೆಯುವ ಮೊದಲೇ ಬರೆದಿಟ್ಟರು ಅಷ್ಟೇ.

ಒಂದೇ ಬಿಲ್ಲಿನ ಎರಡೂ ಪ್ರತಿ ಒಟ್ಟಿಗೆ ಸಿಗುವುದು ಅಪರೂಪ. ಸಿಕ್ಕರೆ ದಯವಿಟ್ಟು ಬೇರೆ ಮಾಡಿ ಮಾರಬೇಡಿ.

ಚೆಕ್ಕಿನ ಮೇಲೆ ಸ್ಟಾಂಪ್ ಅಂಟಿಸಿದಾರೆ. ಆಮೇಲೆ ಯಾರೋ ಅಂಟಿಸಿದ್ದಾ?

ಅದು ತೆರಿಗೆ ಸ್ಟಾಂಪ್. ಅಮೆರಿಕದ ಅಂತರ್ಯುದ್ಧದ ಖರ್ಚಿಗೆ 1862ರ ಅಕ್ಟೋಬರ್ 1ರಿಂದ ಇಂಥ ಕಾಗದಗಳಿಗೆ ಕೇಂದ್ರ ಸರ್ಕಾರ ತೆರಿಗೆ ಹಾಕಿತು. ಚೆಕ್ಕಿಗೆ 2 ಸೆಂಟ್. ಚೆಕ್ಕಿನ ತೆರಿಗೆ 1883ರ ಜುಲೈವರೆಗೂ ಇತ್ತು. ಕ್ಯಾಲಿಫೋರ್ನಿಯಾ ರಾಜ್ಯ ಇನ್ನೂ ಮುಂಚೆ, 1857ರಲ್ಲೇ, ಬಿಲ್ ಆಫ್ ಎಕ್ಸ್‌ಚೇಂಜ್‌ಗಳಿಗೆ ತನ್ನದೇ ಸ್ಟಾಂಪ್ ತಂದಿತ್ತು. ಆದ್ದರಿಂದ 1860ರ ದಶಕದ ಕೆಲವು ಬಿಲ್ಲುಗಳಲ್ಲಿ ರಾಜ್ಯದ್ದೊಂದು, ಕೇಂದ್ರದ್ದೊಂದು, ಎರಡೂ ಕಾಣುತ್ತವೆ.

ಸ್ಟಾಂಪಿನ ಮೇಲೆ, ಚೆಕ್ಕು ಬರೆದವನ ಇನಿಷಿಯಲ್, ತಾರೀಕು ಶಾಯಿಯಲ್ಲಿ ಇರುತ್ತದೆ. ಶಾಯಿಯ ಗೆರೆ ಸ್ಟಾಂಪಿನಿಂದ ಕಾಗದಕ್ಕೆ ಹರಿದಿದೆಯಾ ನೋಡಿ, ತಾರೀಕು ಹೊಂದುತ್ತದಾ ನೋಡಿ. 1858ರ ಚೆಕ್ಕಿನ ಮೇಲೆ ಕೇಂದ್ರದ ಸ್ಟಾಂಪ್ ಇದ್ದರೆ ಅಲ್ಲೇ ಕೆಳಗಿಡಿ. ಆದರೆ 1863ರ ಚೆಕ್ಕಿನಲ್ಲಿ ಸ್ಟಾಂಪ್ ಇಲ್ಲ ಅಂದ ಮಾತ್ರಕ್ಕೆ ಅದು ಸುಳ್ಳಲ್ಲ. ಸಣ್ಣ ಮೊತ್ತಕ್ಕೆ ಆಗ ವಿನಾಯಿತಿ ಇತ್ತು, ಸ್ಟಾಂಪ್ ಉದುರಿಯೂ ಇರಬಹುದು.

## ಅಸಲಿ, ನಕಲಿ, ಬೆಲೆ

ನಕಲಿ ಅಂತ ಮನೆಯಲ್ಲೇ ಹೇಗೆ ಕಂಡುಹಿಡಿಯೋದು?

ಮೊದಲು ಲೆಕ್ಕ. ಸುಳ್ಳು ರಸೀದಿ ಮಾಡುವವರು ಅಕ್ಷರ ಚೆನ್ನಾಗಿ ಬರೆಯುತ್ತಾರೆ, ಗುಣಾಕಾರದಲ್ಲಿ ಸಿಕ್ಕಿಬೀಳುತ್ತಾರೆ.

ಆಮೇಲೆ ಕಾಗದ. 1850ರ ದಶಕದ ಒಳ್ಳೇ ಕಾಗದ ಬಟ್ಟೆ ಚಿಂದಿಯಿಂದ ಮಾಡಿದ್ದು. ಮೆತ್ತಗೆ, ಗಟ್ಟಿಯಾಗಿ, ಮಡಿಸಿದರೂ ಮುರಿಯದ ಹಾಗೆ ಇರುತ್ತದೆ. ಕತ್ತಲೆ ಕೋಣೆಯಲ್ಲಿ ನೋಟು ಪರೀಕ್ಷಿಸುವ ನೇರಳೆ ದೀಪ ಹಿಡಿದಾಗ ನೀಲಿಯಾಗಿ ಹೊಳೆದರೆ ಅದು 20ನೇ ಶತಮಾನದ ಕಾಗದ. ಟೀ ಡಿಕಾಕ್ಷನ್‌ನಲ್ಲಿ ಅದ್ದಿ ಹಳೇದು ಮಾಡಿದ ಕಾಗದ ಎಲ್ಲ ಕಡೆ ಒಂದೇ ಸಮ ಕಂದಾಗಿರುತ್ತದೆ. ನಿಜವಾಗಿ ಹಳೇದಾದ ಹಾಳೆ ಮಡಿಕೆಯಲ್ಲಿ, ಅಂಚಿನಲ್ಲಿ ಹೆಚ್ಚು ಕಂದಿರುತ್ತದೆ. ಒಳಗೆ ಬಿಳುಪು ಉಳಿದಿರುತ್ತದೆ.

ಮೂರನೆಯದು ಶಾಯಿ. ಆ ಕಾಲದ ಕಬ್ಬಿಣದ ಶಾಯಿ ಕಂದು ಬಣ್ಣಕ್ಕೆ ತಿರುಗಿ, ಕಾಗದದೊಳಗೆ ಇಳಿದು, ಒತ್ತಿ ಬರೆದ ಕಡೆ ಹಿಂಬದಿಗೂ ಕಾಣುತ್ತದೆ. ಭೂತಗನ್ನಡಿಯಲ್ಲಿ ನೋಡಿದಾಗ ಕೈಬರಹ ಸಣ್ಣ ಸಣ್ಣ ಚುಕ್ಕಿಗಳಾಗಿ ಒಡೆದರೆ ಅದು ಅಚ್ಚಾದ ಪ್ರತಿ. ಪ್ರವಾಸಿಗರಿಗೆಂದು ಮಾರುವ ಚರ್ಮದ ಬಣ್ಣದ ಗರಿಗರಿ ಪ್ರತಿಗಳು ಹೀಗೇ ಇರುತ್ತವೆ. ಅವನ್ನು ಮಾಡಿದವರು ಮೋಸಕ್ಕೆ ಮಾಡಿದ್ದಲ್ಲ, ಕೈ ಬದಲಾಗುತ್ತಾ ‘ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿದ್ದು’ ಆಗಿಬಿಡುತ್ತವೆ.

ಕೊನೆಗೆ ಇತಿಹಾಸ. ಕ್ಯಾಲಿಫೋರ್ನಿಯಾ ರಾಜ್ಯವಾದದ್ದು 1850ರ ಸೆಪ್ಟೆಂಬರ್ 9ರಂದು. 1849ರ ಕಾಗದದಲ್ಲಿ ‘ಅಪ್ಪರ್ ಕ್ಯಾಲಿಫೋರ್ನಿಯಾ’ ಎಂದಿದ್ದರೆ ಗಾಬರಿ ಬೇಡ, ಅದು ಒಳ್ಳೇ ಲಕ್ಷಣ. ಸ್ಯಾನ್ ಫ್ರಾನ್ಸಿಸ್ಕೋ ಟಂಕಸಾಲೆ ತೆರೆದದ್ದು 1854ರಲ್ಲಿ. 1852ರ ‘ಟಂಕಸಾಲೆ ರಸೀದಿ’ ಕೊಡಲು ಬಂದವರಿಗೆ ನಮಸ್ಕಾರ ಹೇಳಿ ಕಳಿಸಿ. ಆಗ ಅಲ್ಲಿದ್ದದ್ದು ಮೊಫಾಟ್ ಕಂಪನಿಯ ಗುತ್ತಿಗೆಯಲ್ಲಿ ಶುರುವಾದ, ಆಗಸ್ಟಸ್ ಹಂಬರ್ಟ್ ಪರೀಕ್ಷಕನಾಗಿದ್ದ ಸರ್ಕಾರಿ ಅಸ್ಸೇ ಆಫೀಸು.

ವೆಲ್ಸ್ ಫಾರ್ಗೋ ಹೆಸರಿದ್ದರೆ ಬೆಲೆ ಜಾಸ್ತಿನಾ?

ಹೆಸರಿಗೆ ಬೇಡಿಕೆ ಇದೆ, ಆದರೆ ಕಾಗದವೂ ತುಂಬಾ ಉಳಿದಿದೆ. ಕಂಪನಿ 1852ರಲ್ಲಿ ಶುರುವಾಗಿ ಮುಳುಗದೆ ನಡೆಯಿತು. ಹಾಗಾಗಿ ನಾನು ಮುಚ್ಚಿಹೋದವರ ಕಾಗದಕ್ಕೆ ಹೆಚ್ಚು ಮನಸ್ಸು ಕೊಡುತ್ತೇನೆ. 1855ರ ಫೆಬ್ರವರಿಯಲ್ಲಿ ಪೇಜ್ ಬೇಕನ್ ಬ್ಯಾಂಕಿನ ಸೇಂಟ್ ಲೂಯಿಸ್ ಮೂಲ ಸಂಸ್ಥೆ ಮುಳುಗಿದ ಸುದ್ದಿ ಹಡಗಿನಲ್ಲಿ ಬಂತು. ಜನ ಬಾಗಿಲಿಗೆ ಮುಗಿಬಿದ್ದರು. ಪೇಜ್ ಬೇಕನ್ ಮುಚ್ಚಿತು. ಊರಲ್ಲೇ ದೊಡ್ಡದಾಗಿದ್ದ ಆಡಮ್ಸ್ ಕಂಪನಿಯೂ ಮುಚ್ಚಿತು. ವೆಲ್ಸ್ ಫಾರ್ಗೋ ಬಾಗಿಲು ಹಾಕಿ ಕೆಲವೇ ದಿನಗಳಲ್ಲಿ ಮತ್ತೆ ತೆರೆಯಿತು. ಲ್ಯೂಕಸ್ ಟರ್ನರ್ ಬ್ಯಾಂಕ್ ಕೇಳಿದವರಿಗೆಲ್ಲ ಹಣ ಎಣಿಸಿ ಕೊಟ್ಟು ನಿಂತಿತು. ಅದರ ಮ್ಯಾನೇಜರ್ ವಿಲಿಯಂ ಟಿ. ಶರ್ಮನ್, ಮುಂದೆ ಅಂತರ್ಯುದ್ಧದಲ್ಲಿ ಹೆಸರಾದ ಜನರಲ್. ಅವನ ಸಹಿ ಇರುವ ಬಿಲ್ಲಿಗೆ ಬೆಲೆ ಜಾಸ್ತಿ.

ಆಡಮ್ಸ್ ಕಂಪನಿಯ ಠೇವಣಿ ಚೀಟಿ ಸಿಕ್ಕರೆ ಹಿಂಬದಿ ತಿರುಗಿಸಿ ನೋಡಿ. ರದ್ದು ಮಾಡಿದ ಗುರುತೇ ಇಲ್ಲದಿದ್ದರೆ ಆ ಹಣ ಠೇವಣಿ ಇಟ್ಟವನಿಗೆ ಬರಲೇ ಇಲ್ಲವೇನೋ ಅನ್ನಿಸುತ್ತದೆ. ಅಂಥ ಚೀಟಿಯನ್ನು ಕೈಯಲ್ಲಿ ಹಿಡಿಯುವಾಗ ನನಗೆ ಇವತ್ತಿಗೂ ಕಷ್ಟವಾಗುತ್ತದೆ.

ರಂಧ್ರ ಹೊಡೆದಿದೆ, ಕತ್ತರಿಸಿದೆ. ಹಾಳಾದ ಕಾಗದ ಅಲ್ವಾ?

ಹಣ ಕೊಟ್ಟ ಮೇಲೆ ಮತ್ತೆ ಯಾರೂ ತರಬಾರದು ಅಂತ ಬ್ಯಾಂಕಿನವರೇ ಮಾಡುತ್ತಿದ್ದ ಗುರುತು ಅದು. ಕಾಗದ ತನ್ನ ಕೆಲಸ ಮುಗಿಸಿದೆ ಅಂತ ಅರ್ಥ. ಸಹಿಯ ಮೇಲೇ ಕತ್ತರಿ ಬಿದ್ದಿದ್ದರೆ ಮಾತ್ರ ಬೆಲೆ ಇಳಿಯುತ್ತದೆ.

## ಜೋಪಾನ

ಲ್ಯಾಮಿನೇಷನ್ ಮಾಡಿಸಲಾ? ಫ್ರೇಮ್ ಹಾಕಿಸಲಾ?

ಲ್ಯಾಮಿನೇಷನ್ ಬೇಡವೇ ಬೇಡ. ಬಿಸಿಯಲ್ಲಿ ಅಂಟಿದ ಪ್ಲಾಸ್ಟಿಕ್ ಮತ್ತೆ ಬಿಡಿಸಲು ಬರುವುದಿಲ್ಲ. ಸೆಲ್ಲೋ ಟೇಪ್ ಕೂಡ ಬೇಡ. ಅದರ ಅಂಟು ಕೆಲವು ವರ್ಷಗಳಲ್ಲಿ ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ.

ನಾನು ಮೊದಲು ಕೊಂಡ ಚೆಕ್ಕನ್ನು ಆಸೆಯಿಂದ ಫ್ರೇಮ್ ಹಾಕಿಸಿ ಹಾಲಿನ ಕಿಟಕಿ ಎದುರು ತೂಗುಹಾಕಿದ್ದೆ. ಮೂರು ಬೇಸಿಗೆ ಕಳೆದ ಮೇಲೆ ಇಳಿಸಿ ನೋಡಿದರೆ ಸಹಿ ಅರ್ಧ ಮಾಸಿತ್ತು. ಫ್ರೇಮಿನ ಅಂಚು ಮುಚ್ಚಿದ್ದ ಕಡೆ ಮಾತ್ರ ಶಾಯಿ ಮೊದಲಿನ ಹಾಗೆ ಕಡುಕಂದು. ಆ ಚೆಕ್ಕನ್ನು ಈಗಲೂ ಇಟ್ಟುಕೊಂಡಿದ್ದೇನೆ, ಬಂದವರಿಗೆ ತೋರಿಸುತ್ತೇನೆ. ಗೋಡೆಗೆ ಕಲರ್ ಪ್ರಿಂಟ್ ಹಾಕಿ, ಅಸಲಿಯನ್ನು ಕತ್ತಲಲ್ಲಿಡಿ.

ಪಾಲಿಯೆಸ್ಟರ್ ಕವರಿನಲ್ಲಿ, ಆಸಿಡ್ ಇಲ್ಲದ ರಟ್ಟಿನ ಜೊತೆ, ಮಲಗಿಸಿ ಇಡಿ. ವಾಸನೆ ಬರುವ ಮೆತ್ತನೆ ಪಿವಿಸಿ ಫೋಲ್ಡರ್ ಶಾಯಿಯನ್ನು ಎಳೆದುಕೊಳ್ಳುತ್ತದೆ. ಬೆಂಗಳೂರಿನ ಹವೆ ಪರವಾಗಿಲ್ಲ. ಮಂಗಳೂರು, ಉಡುಪಿ, ಮಲೆನಾಡಿನವರು ಮಳೆಗಾಲದಲ್ಲಿ ತುಂಬ ಎಚ್ಚರ ಇರಬೇಕು. ಹೊರಗೋಡೆಗೆ ಒರಗಿದ ಬೀರುವಿನಲ್ಲಿ ಇಡಬೇಡಿ. ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಆಗಾಗ ಬದಲಿಸಿ, ಬೆಳ್ಳಿಹುಳ ಬಂದಿದೆಯಾ ಅಂತ ತಿಂಗಳಿಗೊಮ್ಮೆ ನೋಡಿ.

## ಇನ್ನೂ ಆಳಕ್ಕೆ ಇಳಿಯುವವರಿಗೆ

ಇದರಲ್ಲಿ ಬಿಳಿಯರ ಹೆಸರು ಮಾತ್ರ ಇರುತ್ತಾ?

ಇಲ್ಲ. ಫಾರಿನ್ ಮೈನರ್ಸ್ ಲೈಸೆನ್ಸ್ ಎಂಬ ಚೀಟಿಗಳನ್ನು ಹುಡುಕಿ. 1850ರಲ್ಲಿ ಕ್ಯಾಲಿಫೋರ್ನಿಯಾ ಹೊರದೇಶದ ಗಣಿ ಕೆಲಸಗಾರರ ಮೇಲೆ ತಿಂಗಳಿಗೆ 20 ಡಾಲರ್ ತೆರಿಗೆ ಹಾಕಿತು. ಮೆಕ್ಸಿಕೋ, ಚಿಲಿಯ ಕಡೆಯ ಜನ ಗುಂಪು ಗುಂಪಾಗಿ ಗಣಿ ಬಿಟ್ಟು ಹೋದರು. ಮರುವರ್ಷ ಅದನ್ನು ತೆಗೆದರು. 1852ರಲ್ಲಿ ತಿಂಗಳಿಗೆ 3 ಡಾಲರಿನಂತೆ ಮತ್ತೆ ತಂದರು, ಆಮೇಲೆ 4 ಆಯಿತು. ಈ ಸಲ ಭಾರ ಬಿದ್ದದ್ದು ಹೆಚ್ಚಾಗಿ ಚೀನೀಯರ ಮೇಲೆ. ಅಚ್ಚು ಮಾಡಿದ ಚೀಟಿಯಲ್ಲಿ ಚೀನೀ ಹೆಸರನ್ನು ವಸೂಲಿಗಾರ ತನಗೆ ಕೇಳಿಸಿದ ಹಾಗೆ ಇಂಗ್ಲಿಷಿನಲ್ಲಿ ಗೀಚಿರುತ್ತಾನೆ. ಅಸ್ಸೇ ರಸೀದಿಯ ಪಕ್ಕದಲ್ಲಿ ಇಂಥದ್ದೊಂದು ಇಲ್ಲದಿದ್ದರೆ ಸಂಗ್ರಹ ಅರ್ಧ ಕಥೆ ಮಾತ್ರ ಹೇಳುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ನಾನು ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿದ್ದೀನಿ ಅಣ್ಣ. ಹತ್ತಿರದಲ್ಲಿ ಎಲ್ಲಿ ನೋಡಬಹುದು?

ನೀವು ಪುಣ್ಯವಂತರು. ಕೊಲೋಮಾ ಈಗ ರಾಜ್ಯದ ಐತಿಹಾಸಿಕ ಉದ್ಯಾನ, ಒಂದು ದಿನದಲ್ಲಿ ಹೋಗಿ ಬರಬಹುದು. ದಾರಿಯಲ್ಲೇ ಓಲ್ಡ್ ಸ್ಯಾಕ್ರಮೆಂಟೋ. ಕೊಲಂಬಿಯಾ ಎಂಬ ಗಣಿ ಊರಲ್ಲಿ ಹಳೇ ವೆಲ್ಸ್ ಫಾರ್ಗೋ ಆಫೀಸನ್ನು ಹಾಗೇ ಉಳಿಸಿದ್ದಾರೆ. ಸ್ಯಾನ್ ಫ್ರಾನ್ಸಿಸ್ಕೋದ ಜಾಕ್ಸನ್ ಮತ್ತು ಮಾಂಟ್ಗೊಮೆರಿ ಬೀದಿಗಳ ಮೂಲೆಯಲ್ಲಿ ಶರ್ಮನ್‌ನ ಬ್ಯಾಂಕಿದ್ದ ಕಟ್ಟಡ ಇದೆ. ಕಾಗದವನ್ನೇ ಓದಬೇಕೆಂದರೆ ಬರ್ಕ್ಲಿಯ ಬ್ಯಾಂಕ್ರಾಫ್ಟ್ ಲೈಬ್ರರಿಗೆ ಮೊದಲೇ ತಿಳಿಸಿ ಹೋಗಿ.

ನಮ್ಮ ಕೆಜಿಎಫ್ ಕಾಗದ ಸಿಗಲ್ವಾ?

ಸಿಗುತ್ತದೆ, ಆದರೆ ಜಾತಿ ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಒಬ್ಬೊಬ್ಬನೂ ತನ್ನ ಪುಡಿ ತಂದು ಒಪ್ಪಿಸಿ ತನ್ನ ಹೆಸರಿಗೆ ರಸೀದಿ ಪಡೆದ. ಕೋಲಾರದ ಚಿನ್ನ ಬಂಡೆಯೊಳಗಿನದು, ಆಳಕ್ಕೆ ಇಳಿದು ತೆಗೆಯಬೇಕು. ಅದಕ್ಕೆ ಕಂಪನಿ ಬೇಕು, ಬಂಡವಾಳ ಬೇಕು. ಲವೆಲ್ ಎಂಬ ಐರಿಷ್ ಸೈನಿಕ 1870ರ ದಶಕದಲ್ಲಿ ಪರವಾನಗಿ ಪಡೆದ. ಬೆಂಗಳೂರಿನ ಲವೆಲ್ ರಸ್ತೆಗೆ ಅವನದೇ ಹೆಸರು. 1880ರಿಂದ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕೈ ಹಾಕಿತು. ಆದ್ದರಿಂದ ಇಲ್ಲಿ ಸಿಗುವುದು ಷೇರು ಪತ್ರ, ಡಿವಿಡೆಂಡ್ ಕಾಗದ. ಮೈಸೂರ್, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಕಂಪನಿಗಳ ಹೆಸರು ಇಂಗ್ಲಿಷ್ ಸೊಟ್ಟ ಸ್ಪೆಲ್ಲಿಂಗಿನಲ್ಲಿ ಅಚ್ಚಾಗಿರುತ್ತವೆ. ಅವುಗಳ ಮೇಲೆ ಲಂಡನ್ನಿನಲ್ಲಿ ದುಡ್ಡು ಹಾಕಿದವರ ಹೆಸರಿದೆ. ಗಣಿಗೆ ಇಳಿದವರ ಹೆಸರಿಗಾಗಿ ಹಾಜರಿ ಪುಸ್ತಕ, ಸಂಬಳದ ಚೀಟಿ ಹುಡುಕಬೇಕು. 2001ರಲ್ಲಿ ಗಣಿ ಮುಚ್ಚಿದ ಮೇಲೂ ಅಲ್ಲಿನ ಮನೆಗಳಲ್ಲಿ ಇಂಥ ಚೀಟಿಗಳಿವೆ. ದಯವಿಟ್ಟು ರದ್ದಿಗೆ ಹಾಕಬೇಡಿ.

ನನ್ನ ಹತ್ತಿರ ಹಳೇ ಷೇರು ಪತ್ರ ಇದೆ. ಅಮೆರಿಕದವರು ಕೇಳ್ತಿದಾರೆ. ಕಳಿಸಲಾ?

ಆತುರ ಬೇಡ. ಭಾರತದ 1972ರ ಪುರಾವಸ್ತು ಕಾನೂನಿನ ಪ್ರಕಾರ 75 ವರ್ಷ ದಾಟಿದ, ಐತಿಹಾಸಿಕ ಮಹತ್ವದ ದಾಖಲೆ ಪುರಾವಸ್ತು ಆಗಬಹುದು. ಅಂಥದ್ದನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ನಿಮ್ಮ ಕಾಗದ ಆ ಸಾಲಿಗೆ ಸೇರುತ್ತದೋ ಇಲ್ಲವೋ ಅಂತ ಭಾರತೀಯ ಪುರಾತತ್ವ ಇಲಾಖೆಯಿಂದ ಬರಹದಲ್ಲಿ ಪಡೆಯಿರಿ.

ಚಿನ್ನದ ಹಳೇ ಗಟ್ಟಿಗೆ ರಸೀದಿ ಜೊತೆಗಿದ್ದರೆ ನಂಬಬಹುದಾ?

ಅಷ್ಟಕ್ಕೇ ನಂಬಬೇಡಿ. ಪಶ್ಚಿಮ ಅಮೆರಿಕದ ಪರೀಕ್ಷಕರ ಹೆಸರು ಒತ್ತಿದ ಎಷ್ಟೋ ಗಟ್ಟಿಗಳ ಬಗ್ಗೆ, 20ನೇ ಶತಮಾನದಲ್ಲಿ ಮಾಡಿದ್ದು ಅನ್ನುವ ವಾದ ದಶಕಗಳ ಕಾಲ ನಡೆದಿದೆ. ಮೊದಲು ರಸೀದಿಯನ್ನು ಒಂಟಿಯಾಗಿ ಪರೀಕ್ಷೆ ಮಾಡಿ. ಆಮೇಲೆ ನಂಬರು, ತೂಕ, ಟಚ್, ಬೆಲೆ ನಾಲ್ಕೂ ಗಟ್ಟಿಯ ಮೇಲಿನ ಒತ್ತಿನ ಜೊತೆ ತಾಳೆ ಆಗುತ್ತದಾ ನೋಡಿ. ಗಟ್ಟಿಯನ್ನು ಒಳ್ಳೇ ತಕ್ಕಡಿಯಲ್ಲಿ ತೂಗಿಸಿ, ಬಂದ ಗ್ರಾಮನ್ನು 31.1035ರಿಂದ ಭಾಗಿಸಿ. ಮೂಲೆಯಲ್ಲಿ ಪರೀಕ್ಷಕ ಕತ್ತರಿಸಿದ ಗುರುತು ಇರಬೇಕು. ಹಿಂದಿನ ಮಾಲೀಕರು ಯಾರು, ಯಾವ ಹರಾಜಿನಲ್ಲಿ ಯಾವ ವರ್ಷ ಬಂತು ಅಂತ ಕೇಳಿ ಬರೆದಿಟ್ಟುಕೊಳ್ಳಿ. ಉತ್ತರ ಕೊಡಲು ಮಾರುವವರು ಹಿಂದೆಮುಂದೆ ನೋಡಿದರೆ ಗಟ್ಟಿಯನ್ನು ಅವರ ಕೈಗೇ ವಾಪಸ್ ಕೊಡಿ.